ನೀನು ತೋರಿಸಿದ್ದು ಇದಲ್ಲ

ಮೊದಲೇ ಹೇಳಿಬಿಡ್ತೀನಿ. ಈ ಲೇಖನದಲ್ಲಿ ಬೈಸಿಕೊಳ್ಳೋರ ಪಟ್ಟಿಯಲ್ಲಿ ಮೊದಲನೇ ಹೆಸರು ನನ್ನದೇ.

ಹಗಲು ಕಂಪನಿಯಲ್ಲಿ ಕೋಡ್ ಬರೆಯೋ ನಾನು ರಾತ್ರಿ ಹೊತ್ತು, ಶನಿವಾರ ಭಾನುವಾರ, ಸ್ವಲ್ಪ ವಿಚಿತ್ರ ಅನ್ನಿಸೋ ಕೆಲಸ ಮಾಡ್ತೀನಿ. ಇನ್ನೂ ತಯಾರಾಗದ ಪೋಕರ್ ಚಿಪ್‌ಗಳ ಚಿತ್ರ ಮಾಡಿಕೊಡ್ತೀನಿ. ಅಮೆರಿಕದಲ್ಲಿ ಮನೆಯಲ್ಲೇ ಗೆಳೆಯರನ್ನು ಸೇರಿಸಿಕೊಂಡು ಪೋಕರ್ ಆಡೋರು ಬಹಳ. ಅವರಲ್ಲಿ ಕೆಲವರಿಗೆ ಅಂಗಡಿಯಲ್ಲಿ ಸಿಗೋ ಬಿಲ್ಲೆಗಳು ಆಗಿಬರಲ್ಲ. ತಮ್ಮದೇ ಹೆಸರು, ತಮ್ಮದೇ ಲಾಂಛನ, ತಮ್ಮದೇ ಬಣ್ಣ ಇರಬೇಕು. ಅಂಥವನ್ನ ಮಾಡಿಸೋಕೆ ತಿಂಗಳುಗಟ್ಟಲೆ ಕಾಯಬೇಕು, ದುಡ್ಡೂ ಸರಿಯಾಗೇ ಬೀಳುತ್ತೆ. ಹಾಗಾಗಿ ಆರ್ಡರ್ ಕೊಡೋಕೆ ಮುಂಚೆ "ಹೇಗೆ ಬರುತ್ತೆ ಒಂದ್ಸಲ ನೋಡೋಣ" ಅಂತಾರೆ. ಆಗ ನನ್ನಂಥವರು ಬ್ಲೆಂಡರ್ ತೆರೆದು ಕೂರ್ತೀವಿ. ಹಸಿರು ಬಟ್ಟೆ ಹೊದಿಸಿದ ಮೇಜು, ಮೇಲೊಂದು ದೀಪ, ಹತ್ತಾರು ಚಿಪ್‌ಗಳ ಗುಡ್ಡೆ. ನೋಡಿದವರು ಫೋಟೋ ಅಂದುಕೊಳ್ಳಬೇಕು. ಇದಕ್ಕೆ ರೆಂಡರ್ ಅಂತಾರೆ.

ನನ್ನ ತಕರಾರು ಇಷ್ಟೆ. ನಾವು 'ರಿಯಲಿಸ್ಟಿಕ್' ಅಂತ ಹೆಸರಿಟ್ಟು ಕೊಡ್ತಿರೋ ಬಹುಪಾಲು ಚಿತ್ರಗಳಲ್ಲಿ ಇರೋದು ನಿಜ ಅಲ್ಲ, ಆಸೆ. ಇರೋ ವಸ್ತುವನ್ನ ಚಂದ ಮಾಡಿ ತೋರಿಸಿದ್ರೆ ಅದು ಅಲಂಕಾರ, ಹೋಗಲಿ ಬಿಡಿ. ಇನ್ನೂ ಹುಟ್ಟದ ವಸ್ತುವನ್ನ ತೋರಿಸಿ "ಹೀಗಿರುತ್ತೆ" ಅಂದ್ರೆ ಅದು ಕೊಟ್ಟ ಮಾತು. ಅದಕ್ಕೆ ತಪ್ಪಿದ್ರೆ ಮಾತಿಗೆ ತಪ್ಪಿದ ಹಾಗೇ.

ನಾನು ಹೇಗೆ ತಪ್ಪಿದೆ ಅಂತ ಹೇಳ್ತೀನಿ.

ನನ್ನ ಕಾಲೇಜಿನ ಸೀನಿಯರ್ ಒಬ್ಬರು ಡಲ್ಲಾಸ್ ಹತ್ರ ಇದಾರೆ. ದೀಪಾವಳಿ ಬಂತು ಅಂದ್ರೆ ಅವರ ಮನೆಯಲ್ಲಿ ಕನ್ನಡದವರ ಒಂದು ಗುಂಪು ಸೇರಿ ಇಸ್ಪೀಟು, ಪೋಕರ್ ಆಡುತ್ತೆ. ಅದಕ್ಕೊಂದು ಸ್ವಂತ ಸೆಟ್ ಮಾಡಿಸೋ ಆಸೆ ಅವರದ್ದು. ಮಧ್ಯದಲ್ಲಿ ಗಂಡಭೇರುಂಡ, ಅಂಚಿಗೆ ಅರಿಶಿನ ಕುಂಕುಮದ ಬಣ್ಣ. "ಲೋ, ನೀನೇ ಮಾಡಿಕೊಡೋ, ಊರಿನ ವಾಸನೆ ಇರಬೇಕು" ಅಂದ್ರು. ನಾನು ಎರಡು ವಾರ ರಾತ್ರಿ ನಿದ್ದೆಗೆಟ್ಟು ಮಾಡಿದೆ. ಗಂಡಭೇರುಂಡದ ಒಂದೊಂದು ಗರಿಯೂ ಎಣಿಸೋ ಹಾಗಿತ್ತು. ಅರಿಶಿನ ಅಂದ್ರೆ ಆಗತಾನೆ ಕುಟ್ಟಿದ ಅರಿಶಿನ. ಅವರು ನೋಡಿ ಕುಣಿದಾಡಿಬಿಟ್ರು. ಅವತ್ತೇ ನಾನೂರು ಚಿಪ್‌ಗೆ ಆರ್ಡರ್ ಹೋಯ್ತು. ಒಂದು ಚಿಪ್‌ಗೆ ಎರಡು ಡಾಲರ್ ಮೇಲೆ. ನೀವೇ ಲೆಕ್ಕ ಹಾಕಿ.

ಐದು ತಿಂಗಳಾದ ಮೇಲೆ ಪಾರ್ಸೆಲ್ ಬಂತು. ವಿಡಿಯೋ ಕಾಲ್‌ನಲ್ಲಿ ಡಬ್ಬ ಬಿಚ್ಚಿದ್ರು. ಗರಿಗಳೆಲ್ಲ ಸೇರಿ ಒಂದು ಕಪ್ಪು ಮುದ್ದೆ. ಅರಿಶಿನ ಹೋಗಿ ಹಳೇ ಗೋಡೆಯ ಮಾಸಿದ ಹಳದಿ. ಅವರ ನೆಲಮಾಳಿಗೆಯ ದೀಪದಲ್ಲಿ ಕೆಂಪು ಚಿಪ್ ಯಾವುದು, ಕಿತ್ತಳೆ ಯಾವುದು ಗೊತ್ತಾಗ್ತಿರಲಿಲ್ಲ. ಅಂದ್ರೆ ಐದು ಡಾಲರಿನದ್ದು ಯಾವುದು, ಇಪ್ಪತ್ತರದ್ದು ಯಾವುದು ಗೊತ್ತಾಗ್ತಿರಲಿಲ್ಲ. ತಯಾರಿಸಿದವರದ್ದು ಏನೂ ತಪ್ಪಿಲ್ಲ, ನಾವು ಬರೆದುಕೊಟ್ಟಿದ್ದನ್ನೇ ಅಚ್ಚುಕಟ್ಟಾಗಿ ಮಾಡಿದ್ರು. ಸೀನಿಯರ್ ಬೈಲಿಲ್ಲ. ಒಂದು ಚಿಪ್ ಕೈಯಲ್ಲಿ ತಿರುಗಿಸ್ತಾ, "ಚೆನ್ನಾಗೇ ಇದೆ ಮಾರಾಯ. ಆದ್ರೆ ನೀನು ತೋರಿಸಿದ್ದು ಇದಲ್ಲ" ಅಂದ್ರು.

ಬೈದಿದ್ರೆ ಇಷ್ಟು ದಿನ ಚುಚ್ಚುತ್ತಿರಲಿಲ್ಲ.

ಆಮೇಲೆ ಕೂತು ಯೋಚನೆ ಮಾಡಿದಾಗ ನನ್ನ ಮೊದಲ ತಪ್ಪು ಹೊಳೀತು. ಆ ರೆಂಡರ್ ಮಾಡೋವಾಗ ನಾನು ಜೀವಮಾನದಲ್ಲಿ ಒಂದೇ ಒಂದು ಕ್ಲೇ ಚಿಪ್ ಕೈಯಲ್ಲಿ ಹಿಡಿದಿರಲಿಲ್ಲ. ಫೋಟೋ ನೋಡಿದ್ದೆ, ಬೇರೆಯವರ ರೆಂಡರ್ ನೋಡಿದ್ದೆ. ಚಿತ್ರ ನೋಡಿ ಚಿತ್ರ ಮಾಡಿದ್ದೆ, ಅಷ್ಟೆ.

ಹಿಡಿದಿದ್ರೆ ಏನು ಗೊತ್ತಾಗ್ತಿತ್ತು? ಕ್ಲೇ ಅಂತ ಕರೆದ್ರೂ ಅದು ಕುಂಬಾರರ ಮಣ್ಣಲ್ಲ. ಜೇಡಿಮಣ್ಣಿನ ಜೊತೆ ಬೇರೆ ಖನಿಜದ ಪುಡಿ, ಅಂಟು ಎಲ್ಲ ಸೇರಿಸಿದ ಮಿಶ್ರಣ. ಅದನ್ನ ಅಚ್ಚಿನಲ್ಲಿಟ್ಟು ಬಿಸಿ ಮಾಡಿ ಭಾರೀ ಒತ್ತಡದಲ್ಲಿ ಒತ್ತುತ್ತಾರೆ. ಸಾಮಾನ್ಯವಾಗಿ 39 ಮಿಲಿಮೀಟರ್ ಅಗಲ, ಮೂರು ಚಿಲ್ಲರೆ ಮಿಲಿಮೀಟರ್ ದಪ್ಪ, ಹತ್ತು ಗ್ರಾಂ ಆಸುಪಾಸಿನ ತೂಕ. ಅಂಚಿನಲ್ಲಿ ಕಾಣೋ ಬೇರೆ ಬಣ್ಣದ ಪಟ್ಟಿಗಳಿಗೆ ಎಡ್ಜ್ ಸ್ಪಾಟ್ ಅಂತಾರೆ. ಅದು ಬಳಿದ ಬಣ್ಣ ಅಲ್ಲ. ಮೂಲ ಬಿಲ್ಲೆಯಲ್ಲಿ ಅಷ್ಟು ಜಾಗ ಕತ್ತರಿಸಿ ತೆಗೆದು, ಅಲ್ಲಿ ಇನ್ನೊಂದು ಬಣ್ಣದ ತುಂಡು ಕೂರಿಸಿ, ಎರಡನ್ನೂ ಒಟ್ಟಿಗೆ ಒತ್ತೋದು. ಒತ್ತುವಾಗ ಗಡಿ ಕೊಂಚ ಹರಡುತ್ತೆ, ಒಂದು ಚಿಪ್ಪಿನ ಪಟ್ಟಿ ಇನ್ನೊಂದರದ್ದಕ್ಕಿಂತ ಕೂದಲೆಳೆ ಅಗಲ ಇರುತ್ತೆ. ಮಧ್ಯದ ಚಿತ್ರ, ಅಂದ್ರೆ ಇನ್‌ಲೇ, ಮುದ್ರಿಸಿದ ತೆಳು ಬಿಲ್ಲೆ. ಅದನ್ನೂ ಅಚ್ಚಿನಲ್ಲೇ ಒತ್ತಿ ಕೂರಿಸ್ತಾರೆ. ನಮ್ಮದರ ಅಗಲ 22 ಮಿಲಿಮೀಟರ್. ಆ ಜಾಗದಲ್ಲಿ ನಾನು ಎರಡು ತಲೆಯ ಹಕ್ಕಿ, ಅದರ ಎಲ್ಲ ಗರಿ, ಊರಿನ ಹೆಸರು, ಬೆಲೆ ಎಲ್ಲ ತುಂಬಿದ್ದೆ.

ಸೆರಾಮಿಕ್ ಅಂತ ಇನ್ನೊಂದು ಜಾತಿ ಇದೆ. ಹೆಸರಷ್ಟೇ ಸೆರಾಮಿಕ್, ಒಳಗಿರೋದು ಒಂಥರಾ ಗಟ್ಟಿ ಪ್ಲಾಸ್ಟಿಕ್. ಬಿಳಿ ಬಿಲ್ಲೆಯ ಮೇಲೆ ಶಾಖದಿಂದ ಬಣ್ಣ ಇಳಿಸ್ತಾರೆ. ಗೆರೆ ಚುರುಕಾಗಿ ಬರುತ್ತೆ, ಆದ್ರೆ ಮುಖದ ವಿನ್ಯಾಸ ಅಂಚಿಗೆ ತಿರುಗೋ ಕಡೆ ಒಂಚೂರು ಸರಿದಿರೋದು ಸಾಮಾನ್ಯ. ಪ್ರತಿ ವಿಧಾನಕ್ಕೂ ಅದರದ್ದೇ ಊನ ಇದೆ. ರೆಂಡರ್‌ನಲ್ಲಿ ಮೊದಲು ಮಾಯವಾಗೋದು ಇವೇ ಊನಗಳು.

ಇನ್ನು ಕಂಪ್ಯೂಟರ್ ಒಳಗಿನ ಸುಳ್ಳುಗಳಿಗೆ ಬರ್ತೀನಿ. ಇಂಜಿನಿಯರ್‌ಗಳು ಓದ್ತಿದೀರ ಅಂತ ಬಿಡಿಸಿ ಹೇಳ್ತೀನಿ.

ಮೊದಲನೇದು ಅಳತೆಯ ಸುಳ್ಳು. ಇಪ್ಪತ್ನಾಲ್ಕು ಇಂಚಿನ ಮಾನಿಟರ್‌ನ ಎತ್ತರ ಹೆಚ್ಚುಕಮ್ಮಿ 30 ಸೆಂಟಿಮೀಟರ್. ಅದರ ತುಂಬ ಒಂದೇ ಚಿಪ್ ತೋರಿಸಿದ್ರೆ ನಿಜದ್ದಕ್ಕಿಂತ ಏಳೆಂಟು ಪಟ್ಟು ದೊಡ್ಡದಾಗಿ ತೋರಿಸಿದ ಹಾಗಾಯ್ತು. ಆ ಅಳತೆಯಲ್ಲಿ ಗರಿ ಕಾಣದೆ ಇನ್ನೇನು? ಆಡೋನು ಅದನ್ನ ನೋಡೋದು ಒಂದು ತೋಳಿನಷ್ಟು ದೂರದಿಂದ. ಅದೂ ಬಹಳ ಸಲ ಮುಖ ಅಲ್ಲ, ಪೇರಿಸಿಟ್ಟ ರಾಶಿಯ ಅಂಚು ಮಾತ್ರ. ಕ್ಯಾಸಿನೋಗಳಲ್ಲಿ ಅಂಚಿನ ಪಟ್ಟಿಗೆ ಅಷ್ಟು ಮಹತ್ವ ಯಾಕೆ ಅಂದ್ರೆ, ಡೀಲರ್‌ಗೂ ಚಾವಣಿಯ ಕ್ಯಾಮರಾಗೂ ರಾಶಿಯನ್ನ ಮುಟ್ಟದೇನೆ ಯಾವ ಚಿಪ್ ಎಷ್ಟಿದೆ ಗೊತ್ತಾಗಬೇಕು. ಐದು ಡಾಲರ್‌ಗಳ ರಾಶಿಯೊಳಗೆ ಬೇರೆ ಬೆಲೆಯದ್ದೊಂದು ಸೇರಿದ್ರೆ ಕಣ್ಣಿಗೆ ಹೊಡೀಬೇಕು. ನಾವು ಮಾತ್ರ ಮುಖಕ್ಕೆ ಮೇಕಪ್ ಮಾಡ್ತಾ ಕೂರ್ತೀವಿ.

ಎರಡನೇದು ಬಣ್ಣದ ಸುಳ್ಳು. ಮಾನಿಟರ್ ಬೆಳಕು ಉಗುಳುತ್ತೆ, ಕ್ಲೇ ಬೆಳಕನ್ನ ಅರ್ಧ ನುಂಗಿ ಉಳಿದಿದ್ದು ವಾಪಸ್ ಕೊಡುತ್ತೆ. ಪರದೆಯ ಮೇಲಿನ ಹಳದಿಯನ್ನ ಕ್ಲೇ ಯಾವತ್ತೂ ಮುಟ್ಟಲ್ಲ. ಮೇಲಾಗಿ ತಯಾರಕರ ಹತ್ರ ಇರೋದು ಲೆಕ್ಕದ ಬಣ್ಣಗಳು, ನಮ್ಮ ಹೆಕ್ಸ್ ಕೋಡ್‌ನಲ್ಲಿ ಒಂದೂವರೆ ಕೋಟಿಗೂ ಮೇಲೆ. ಇದರ ಜೊತೆಗೆ ಬ್ಲೆಂಡರ್‌ದೇ ಒಂದು ಆಟ ಇದೆ. 2019ರಲ್ಲಿ ಬಂದ 2.80 ಆವೃತ್ತಿಯಿಂದ ಅದರಲ್ಲಿ ಫಿಲ್ಮಿಕ್, 2023ರ 4.0 ಆವೃತ್ತಿಯಿಂದ ಎಜಿಎಕ್ಸ್ ಅನ್ನೋ ಬಣ್ಣ ಪರಿವರ್ತನೆ ತಾನಾಗೇ ಆನ್ ಆಗಿರುತ್ತೆ. ಹಳೇ ಫಿಲಂ ಕ್ಯಾಮರಾ ಥರ ಜೋರು ಬೆಳಕನ್ನ ಮೆತ್ತಗೆ ಮಾಡೋದು ಅದರ ಕೆಲಸ. ಆ ಕೆಲಸಕ್ಕೆ ಒಳ್ಳೇದೇ, ಆದ್ರೆ ನೀವು ಕೊಟ್ಟ ಬಣ್ಣ ಕೊಟ್ಟ ಹಾಗೇ ಹೊರಗೆ ಬರಲ್ಲ, ಸ್ವಲ್ಪ ಸಪ್ಪೆ ಆಗುತ್ತೆ. ಸರಿಯಾದ ದಾರಿ ಅಂದ್ರೆ ತಯಾರಕರಿಂದ ಸ್ಯಾಂಪಲ್ ಚಿಪ್ ತರಿಸಿ, ಅದರ ಫೋಟೋ ಪಕ್ಕದಲ್ಲಿಟ್ಟುಕೊಂಡು ಹೊಂದಿಸೋದು. ನಾನು ಮಾಡಿದ್ದು? ಸ್ಯಾಚುರೇಶನ್ ಸ್ಲೈಡರ್ ಹಿಡಿದು ಬಲಕ್ಕೆ ಎಳೆದೆ. ಅರಿಶಿನ ಹೊಳೀತು.

ಮೂರನೇದು ಬೆಳಕಿನ ಸುಳ್ಳು. 1986ರಲ್ಲಿ ಜೇಮ್ಸ್ ಕಾಜಿಯಾ ಅನ್ನೋರು ರೆಂಡರಿಂಗ್ ಈಕ್ವೇಶನ್ ಅಂತ ಒಂದು ಸಮೀಕರಣ ಕೊಟ್ರು. ಬೆಳಕು ಎಲ್ಲಿಂದ ಬರುತ್ತೆ, ಯಾವುದಕ್ಕೆ ತಾಗುತ್ತೆ, ಎಷ್ಟು ವಾಪಸ್ ಹೋಗುತ್ತೆ ಅನ್ನೋ ಲೆಕ್ಕ. ಇವತ್ತಿನ ಪಾತ್ ಟ್ರೇಸರ್‌ಗಳೆಲ್ಲ ಆ ಲೆಕ್ಕದ ಮಕ್ಕಳು. ಲೆಕ್ಕ ಪ್ರಾಮಾಣಿಕವಾದದ್ದು. ಆದ್ರೆ ದೀಪ ಎಲ್ಲಿಡಬೇಕು ಅಂತ ನಿರ್ಧಾರ ಮಾಡೋನು ನಾನು. ನಾನು ಸ್ಟುಡಿಯೋ ದೀಪ ಇಟ್ಟೆ, ಹಿಂದಿನಿಂದ ಅಂಚು ಮಿನುಗೋ ಹಾಗೆ ಇನ್ನೊಂದು ಇಟ್ಟೆ. ಸೀನಿಯರ್ ಆಡೋದು ಹಳದಿ ಬಲ್ಬ್ ಕೆಳಗೆ. ಆ ಬೆಳಕಲ್ಲಿ ಕೆಂಪು, ಕಿತ್ತಳೆ ಅಣ್ಣ ತಮ್ಮ ಆಗಿಬಿಡುತ್ತವೆ, ಕಡುನೀಲಿ ಹೋಗಿ ಕಪ್ಪಿನ ಪಕ್ಕ ಕೂರುತ್ತೆ. ಅಮೆರಿಕದ ಕ್ಯಾಸಿನೋಗಳಲ್ಲಿ ಸಾಮಾನ್ಯವಾಗಿ ಐದಕ್ಕೆ ಕೆಂಪು, ಇಪ್ಪತ್ತೈದಕ್ಕೆ ಹಸಿರು, ನೂರಕ್ಕೆ ಕಪ್ಪು ಇರುತ್ತೆ. ಅವನ್ನ ಯಾವ ಮೂಲೆಯಿಂದ ನೋಡಿದ್ರೂ ಒಂದಕ್ಕೊಂದು ಕಲೆಸಿಹೋಗಲ್ಲ. ಎರಡೇ ಎರಡು ಬಲ್ಬ್ ಬದಲಾಯಿಸಿ ಮತ್ತೆ ರೆಂಡರ್ ಒತ್ತಿದ್ರೆ ಹತ್ತು ನಿಮಿಷದಲ್ಲಿ ನನಗೆ ತಪ್ಪು ಕಾಣ್ತಿತ್ತು. ಒತ್ತಲಿಲ್ಲ. ಚಂದ ಕೆಡುತ್ತೆ ಅಂತ ಒತ್ತಲಿಲ್ಲ.

ಇಲ್ಲಿ ಜಾಣರು ಒಂದು ಮಾತು ಹೇಳ್ತಾರೆ: "ನಾವೂ ಊನ ತೋರಿಸ್ತೀವಲ್ಲ! ಗೀರು ಹಾಕ್ತೀವಿ, ಧೂಳು ಹಾಕ್ತೀವಿ, ಬೆರಳಚ್ಚು ಹಾಕ್ತೀವಿ." ಹೌದು, ಅದಕ್ಕೆ ರೆಡಿಮೇಡ್ ಟೆಕ್ಸ್‌ಚರ್‌ಗಳೇ ಸಿಗುತ್ತವೆ. ನನ್ನ ಪ್ರಕಾರ ಇದು ಎರಡನೇ ಸುಳ್ಳು, ಮೊದಲನೇದಕ್ಕಿಂತ ಕೆಟ್ಟದ್ದು. ಆ ಗೀರು ಆ ಚಿಪ್ಪಿನದ್ದಲ್ಲ. ಎಲ್ಲಿಂದಲೋ ತಂದು ಅಂಟಿಸಿದ್ದು, ನೋಡೋನ ಅನುಮಾನ ಮಲಗಿಸೋಕೆ. ಸಂತೆಯಲ್ಲಿ ಹಳೇ ಎಮ್ಮೆಯ ಕೊಂಬಿಗೆ ಎಣ್ಣೆ ಹಚ್ಚಿ ಮಾರೋನು ಒಬ್ಬ. ಅದರ ಮೈಗೆ ಸ್ವಲ್ಪ ಸಗಣಿ ಬಳಿದು "ನೋಡಿ, ನಾನೇನೂ ಮುಚ್ಚಿಟ್ಟಿಲ್ಲ" ಅನ್ನೋನು ಇನ್ನೊಬ್ಬ. ಇಬ್ಬರಲ್ಲಿ ನಾನು ಹೆದರೋದು ಎರಡನೆಯವನಿಗೆ. ಫೋಟೋ ಥರ ಕಾಣೋದು ಬೇರೆ, ವಸ್ತುವಿಗೆ ನಿಯತ್ತಾಗಿರೋದು ಬೇರೆ. ನಾವು ಮೊದಲನೇದನ್ನ ಕಲಿತು ಎರಡನೇದು ತಾನಾಗೇ ಬಂತು ಅಂದುಕೊಂಡಿದೀವಿ.

ಈಗ ಎಐ ಬೇರೆ ಬಂದಿದೆ. ಎರಡು ಸಾಲು ಬರೆದ್ರೆ ಹೊಳೆಯೋ ಚಿಪ್‌ಗಳ ರಾಶಿಯೇ ಬಂದು ಬೀಳುತ್ತೆ. ಒಂದ್ಸಲ ಹತ್ರ ಹೋಗಿ ಎಣಿಸಿ ನೋಡಿ. ಒಂದು ಚಿಪ್‌ಗೆ ಆರು ಪಟ್ಟಿ, ಪಕ್ಕದ್ದಕ್ಕೆ ಏಳು, ಅದರ ಕೆಳಗಿನದ್ದಕ್ಕೆ ಐದೂವರೆ. ಅದನ್ನ ಯಾವ ಅಚ್ಚಿನಲ್ಲಿ ಒತ್ತೋದು? ನನ್ನ ರೆಂಡರ್ ಕನಿಷ್ಠ ಪಕ್ಷ ತಯಾರಿಸಬಹುದಾದ ವಸ್ತುವಿನ ಬಗ್ಗೆ ಸುಳ್ಳು ಹೇಳ್ತಿತ್ತು. ಇದಕ್ಕೆ ವಸ್ತುವೇ ಬೇಡ.

"ಇಷ್ಟಕ್ಕೂ ಜೂಜಿನ ಬಿಲ್ಲೆ ತಾನೇ, ಅದಕ್ಕೆ ಯಾಕೆ ಇಷ್ಟು ಹರಿಶ್ಚಂದ್ರನ ಕಥೆ?" ಅಂತ ಕೇಳ್ತೀರಿ. ನನ್ನ ರೂಮ್‌ಮೇಟೂ ಕೇಳಿದ. ಸ್ವಲ್ಪ ಯೋಚನೆ ಮಾಡಿ. ಚಿಪ್ ಅಂದ್ರೇನು? ಹತ್ತು ಗ್ರಾಂ ಮಣ್ಣು. ಅದಕ್ಕೆ ನೂರು ಡಾಲರ್ ಬೆಲೆ ಬಂದಿದ್ದು ಹೇಗೆ? ಆಟ ಮುಗಿದ ಮೇಲೆ ಮನೆ ಯಜಮಾನ ಅದನ್ನ ತಗೊಂಡು ನೂರು ಡಾಲರ್ ಕೊಡ್ತಾನೆ ಅನ್ನೋ ನಂಬಿಕೆಯಿಂದ. ಚಿಪ್ ಅನ್ನೋದೇ ಒಂದು ಮಾತು. ಅದಕ್ಕೇ ಕ್ಯಾಸಿನೋಗಳು ನಕಲಿ ಚಿಪ್ ಅಂದ್ರೆ ಅಷ್ಟು ಹೆದರೋದು. ಹಾಗಿರೋವಾಗ ಅದರ ಚಿತ್ರದಲ್ಲೇ ಮೋಸ ಇದ್ರೆ ಹೇಗೆ?

ಇನ್ನೊಂದು ವಾದ ಇದೆ: "ಗಿರಾಕಿಗೆ ಗೊತ್ತಿರುತ್ತೆ ಬಿಡ್ರೀ, ರೆಂಡರ್ ರೆಂಡರ್ರೇ ಅಂತ." ನಿಜವಾಗಲೂ ಗೊತ್ತಿರುತ್ತಾ? ಈ ಮಾತನ್ನ ಚಿಪ್‌ನಿಂದ ಎತ್ತಿ ನಿಮ್ಮ ಮನೆಗೆ ತರ್ತೀನಿ. ಬೆಂಗಳೂರಲ್ಲಿ ಫ್ಲ್ಯಾಟ್ ಬುಕ್ ಮಾಡಿದೀರಲ್ಲ, ಏನು ನೋಡಿ ಮಾಡಿದ್ರಿ? ಕಟ್ಟಡ ಇರಲಿಲ್ಲ, ಅಲ್ಲಿ ಇದ್ದಿದ್ದು ಗುಂಡಿ. ನೋಡಿದ್ದು ರೆಂಡರ್. ಸಂಜೆ ಬೆಳಕು, ಸುತ್ತ ಮರ, ಈಜುಕೊಳದ ಪಕ್ಕ ಓಡಾಡೋ ಬಿಳಿ ಬಟ್ಟೆಯ ಜನ, ಪಕ್ಕದ ಸೈಟಿನ ಕಟ್ಟಡ ಮಾಯ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ "ಇದು ಕಲಾವಿದರ ಕಲ್ಪನೆ ಮಾತ್ರ". ಇಪ್ಪತ್ತು ವರ್ಷದ ಸಾಲಕ್ಕೆ ಸಹಿ ಹಾಕಿದ್ದು ಆ ಕಲ್ಪನೆ ನೋಡಿ. ಕಾನೂನಿಗೂ ಇದು ಅರ್ಥವಾಗಿದೆ. 2016ರ ರೇರಾ ಕಾಯ್ದೆಯ 12ನೇ ಸೆಕ್ಷನ್ ಹೇಳೋದು ಇದನ್ನೇ: ಜಾಹೀರಾತಿನಲ್ಲೋ ಮಾದರಿ ಮನೆಯಲ್ಲೋ ತೋರಿಸಿದ ಸುಳ್ಳು ಮಾಹಿತಿ ನಂಬಿ ಮುಂಗಡ ಕೊಟ್ಟು ನಷ್ಟ ಆದ್ರೆ, ಬಿಲ್ಡರ್ ಪರಿಹಾರ ಕೊಡಬೇಕು. ತೋರಿಸಿದ್ದೂ ಮಾತು ಕೊಟ್ಟ ಹಾಗೇ ಅಂತ ಪಾರ್ಲಿಮೆಂಟೇ ಒಪ್ಪಿದೆ. ಬಿಲ್ಡರ್‌ಗೆ ಬಯ್ಯೋ ನಾವು ನಮ್ಮ ಲ್ಯಾಪ್‌ಟಾಪ್‌ನಲ್ಲಿ ಅದೇ ಕೆಲಸ ಮಾಡಿ "ಪೋರ್ಟ್‌ಫೋಲಿಯೋ" ಅಂತ ಹೆಸರಿಡ್ತೀವಿ.

ಹಾಗಂತ ರೆಂಡರ್ ಬೇಡ ಅಂತ ನಾನು ಹೇಳ್ತಿಲ್ಲ. ಅದು ನನ್ನ ಪ್ರೀತಿಯ ಕೆಲಸ. 2002ರಲ್ಲಿ ಜನರಿಂದ ಒಂದು ಲಕ್ಷ ಯೂರೋ ಕೂಡಿಸಿ ಬ್ಲೆಂಡರ್‌ನ ಮುಕ್ತ ಮಾಡದೇ ಇದ್ದಿದ್ರೆ, ಹಳ್ಳಿಯಿಂದ ಬಂದು ಹಾಸ್ಟೆಲ್ ಕಂಪ್ಯೂಟರಲ್ಲಿ ಕಲಿತ ನನ್ನಂಥವನಿಗೆ ಈ ವಿದ್ಯೆ ಸಿಗ್ತಾನೇ ಇರಲಿಲ್ಲ. ಚೆನ್ನಾಗಿ ಮಾಡೋ ದಾರಿಯೂ ಇದೆ. ಐಕಿಯಾ ಕಂಪನಿ ತನ್ನ ಕ್ಯಾಟಲಾಗಿಗೆ 2006ರಲ್ಲಿ ಬರ್ಟಿಲ್ ಅನ್ನೋ ಕುರ್ಚಿಯ ಕಂಪ್ಯೂಟರ್ ಚಿತ್ರ ಹಾಕಿ ಶುರು ಮಾಡ್ತು. ಮುಂದೆ ಗುಣಮಟ್ಟ ಸಾಲದು ಅಂತ ಅನ್ನಿಸಿದಾಗ ಅವರು ಮಾಡಿದ್ದೇನು ಗೊತ್ತಾ? ಫೋಟೋಗ್ರಾಫರ್‌ಗಳಿಗೆ 3ಡಿ ಕಲಿಸಿದ್ರು, 3ಡಿಯವರ ಕೈಗೆ ಕ್ಯಾಮರಾ ಕೊಟ್ರು. ವಸ್ತುವಿನ ಮುಂದೆ ನಿಲ್ಲದೆ ವಸ್ತುವಿನ ಚಿತ್ರ ಬರಲ್ಲ ಅನ್ನೋದು ಅವರಿಗೆ ಗೊತ್ತಾಗಿತ್ತು. ನನಗೆ ಗೊತ್ತಾಗೋಕೆ ಸೀನಿಯರ್‌ನ ಸಾವಿರ ಡಾಲರ್ ಖರ್ಚಾಯ್ತು.

ಆದ್ದರಿಂದ ನನ್ನ ಬೇಡಿಕೆ ಮೂರು. ಚಿಪ್ ಮಾಡಿಸೋರು ಡಿಸೈನರ್ ಹತ್ರ ಇವನ್ನ ಕೇಳಿ, ಕೊಡದಿದ್ರೆ ದುಡ್ಡು ಕೊಡಬೇಡಿ. ಒಂದು, ನಿಜವಾದ ಸ್ಯಾಂಪಲ್ ಚಿಪ್ಪಿನ ಫೋಟೋ ಪಕ್ಕದಲ್ಲಿಟ್ಟು ಹೋಲಿಸಿದ ರೆಂಡರ್. ಎರಡು, ನೀವು ಆಡೋ ಮೇಜಿನ ದೂರದಿಂದ, ನೀವು ಆಡೋ ದೀಪದ ಬಣ್ಣದಲ್ಲಿ, ಬೇರೆಬೇರೆ ಬೆಲೆಯವನ್ನ ಕಲೆಸಿ, ಅಡ್ಡಾದಿಡ್ಡಿ ತಿರುಗಿಸಿಟ್ಟ ರಾಶಿಯ ಚಿತ್ರ. ಮೂರು, ಯಾವುದು ಅಳೆದದ್ದು, ಯಾವುದು ಅಂದಾಜು ಅಂತ ಚಿತ್ರದ ಕೆಳಗೆ ಓದೋಕಾಗೋ ಅಕ್ಷರದಲ್ಲಿ ಬರೆದಿರಬೇಕು. ಇಷ್ಟು ಕೊಟ್ಟ ಮೇಲೆ ನಾಲ್ಕನೇ ಚಿತ್ರವಾಗಿ ಸ್ಟುಡಿಯೋ ದೀಪ, ಮಿನುಗು, ಹೊಗೆ ಏನು ಬೇಕಾದ್ರೂ ಹಾಕಲಿ. ಹಬ್ಬಕ್ಕೆ ಬಣ್ಣ ಇರಲಿ. ಲೆಕ್ಕ ಮುಗಿದ ಮೇಲೆ ಇರಲಿ.

ಊರಲ್ಲಿ ನಮ್ಮಪ್ಪ ಟೊಮೆಟೊ ಬೀಜದ ಪೊಟ್ಟಣ ತಂದಾಗ ನಾನು ಮೇಲಿನ ಚಿತ್ರ ನೋಡ್ತಾ ಕೂತಿರ್ತಿದ್ದೆ. ಅಷ್ಟು ಕೆಂಪಗೆ, ಅಷ್ಟು ದುಂಡಗೆ ನಮ್ಮ ಹೊಲದಲ್ಲಿ ಯಾವತ್ತೂ ಬೆಳೀಲಿಲ್ಲ. ಅಪ್ಪ ಚಿತ್ರ ನೋಡ್ತಾನೇ ಇರಲಿಲ್ಲ. ಪೊಟ್ಟಣ ತಿರುಗಿಸಿ, ಹಿಂದೆ ಸಣ್ಣಕ್ಷರದಲ್ಲಿ ಬರೆದಿರೋ ಮೊಳಕೆ ಪ್ರಮಾಣ, ಕೊನೇ ತಾರೀಕು ನನ್ನ ಕೈಲಿ ಓದಿಸ್ತಿದ್ರು. ಬಿಇ ಓದಿ ಇಷ್ಟು ವರ್ಷ ಆದ ಮೇಲೆ ನಾನು ಪೊಟ್ಟಣದ ಮುಂದಿನ ಚಿತ್ರ ಮಾಡೋನಾಗಿದ್ದೆ. ಹಿಂದೆ ಬರೆಯೋದನ್ನ ಮರೆತಿದ್ದೆ.

ಹೋದ ತಿಂಗಳು ಸೀನಿಯರ್ ಮತ್ತೆ ಫೋನ್ ಮಾಡಿದ್ರು. ಹಳೇ ಸೆಟ್‌ನಲ್ಲಿ ಕಲೆಸಿಹೋಗೋ ಇಪ್ಪತ್ತರ ಚಿಪ್ ಮಾತ್ರ ಹೊಸದಾಗಿ ಮಾಡಿಸಬೇಕಂತೆ. "ನೀನೇ ಮಾಡ್ಕೊಡ್ತೀಯೇನೋ?" ಅಂದ್ರು. ಅವರು ಯಾಕೆ ಮತ್ತೆ ನನ್ನನ್ನೇ ಕೇಳಿದ್ರೋ, ಕೇಳೋಕೆ ನನಗೆ ಧೈರ್ಯ ಬರಲಿಲ್ಲ. ಈ ಸಲ ಸ್ಯಾಂಪಲ್ ಚಿಪ್‌ಗಳನ್ನ ಮೊದಲು ತರಿಸಿಕೊಂಡೆ. ಅವರ ನೆಲಮಾಳಿಗೆಯ ಬಲ್ಬಿನ ಡಬ್ಬದ ಫೋಟೋ ಕಳಿಸಿ ಅಂದೆ. ಆ ಬೆಳಕಲ್ಲೇ ರೆಂಡರ್ ಮಾಡಿದೆ. ಗಂಡಭೇರುಂಡದ ಗರಿ ತೆಗೆದು ದಪ್ಪ ಗೆರೆಯಲ್ಲಿ ಬರೀ ಆಕಾರ ಉಳಿಸಿದೆ. ಕಿತ್ತಳೆಯನ್ನೇ ಒಂದರಲ್ಲಿ ಇಟ್ಟು, ಇನ್ನೊಂದರಲ್ಲಿ ತಿಳಿಹಸಿರು ಇಟ್ಟು, ಎರಡೂ ಕಳಿಸಿದೆ.

"ಏನೋ ಇದು, ಇಷ್ಟು ಡಲ್ ಆಗಿದೆ?" ಅಂದ್ರು.

"ಹೌದಣ್ಣಾ, ಹೀಗೇ ಬರೋದು" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಕಿತ್ತಳೆ ಬೇಡ, ಹಸಿರೇ ಇರಲಿ" ಅಂದ್ರು.